ಗೋಡೆಯಿಂದ ಅಂಗಳಕ್ಕೆ: ಪುಣೆಯ ಕೋಟೆಗಳನ್ನು ನೋಡಲು ಕಲಿಯುವವರಿಗೆ

ಪುಣೆಗೆ ಹೊಸದಾಗಿ ಬಂದವರು ರಜೆಯ ದಿನ ಮೊದಲು ಹೋಗುವ ಜಾಗಗಳಲ್ಲಿ ಶನಿವಾರವಾಡೆ ಒಂದು. ಎದುರಿಗೆ ಕುದುರೆಯೇರಿದ ಒಂದನೇ ಬಾಜಿರಾಯನ ಪ್ರತಿಮೆ, ಅದರ ಹಿಂದೆ ಎತ್ತರದ ಗೋಡೆ, ನಡುವೆ ಮೊಳೆ ಬಡಿದ ಹೆಬ್ಬಾಗಿಲು. ಇಷ್ಟನ್ನು ನೋಡಿ ಒಳಗೆ ಏನೇನಿರಬಹುದೋ ಎಂಬ ಆಸೆಯಿಂದ ಕಾಲಿಟ್ಟರೆ ಕಾಣುವುದು ಹುಲ್ಲುಹಾಸು, ಮೊಣಕಾಲೆತ್ತರದ ಕಲ್ಲುಕಟ್ಟೆಗಳು, ಒಂದು ಕಾರಂಜಿಯ ಕೊಳ. ಅರಮನೆ ಎಲ್ಲಿ ಎಂದು ಹುಡುಕಿ, ಸಿಗದೆ, ಬಾಗಿಲ ಬಳಿ ಒಂದು ಫೋಟೊ ತೆಗೆದುಕೊಂಡು ಜನ ಹಿಂತಿರುಗುತ್ತಾರೆ. ನೋಡುವುದಕ್ಕೆ ಅಲ್ಲಿ ಬೇಕಾದಷ್ಟಿದೆ. ಏನನ್ನು ನೋಡಬೇಕೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ, ಅಷ್ಟೇ. ಅದನ್ನು ಹೇಳಿಕೊಡುವುದಕ್ಕೆಂದೇ ಈ ಲೇಖನ.

ಮೊದಲು ಒಂದು ಮೂಲ ಮಾತು. ಯಾವ ಗೋಡೆಯೂ ಶತ್ರುವನ್ನು ಶಾಶ್ವತವಾಗಿ ತಡೆಯಲಾರದು. ಅವನನ್ನು ನಿಧಾನಗೊಳಿಸುವುದು, ನಿಧಾನವಾದಷ್ಟು ಹೊತ್ತೂ ಅವನನ್ನು ಬಯಲಿನಲ್ಲಿ ನಿಲ್ಲಿಸುವುದು ಗೋಡೆಯ ಕೆಲಸ. ಹಾಗೆ ಗಳಿಸಿದ ದಿನಗಳನ್ನು ಒಳಗಿನವರು ಬದುಕಬೇಕಲ್ಲ? ನೀರು, ಕಾಳು, ಅಡುಗೆ, ಆಡಳಿತ, ಪೂಜೆ, ನಿದ್ರೆ ಎಲ್ಲವೂ ನಡೆಯಬೇಕು. ಅದಕ್ಕಿರುವುದು ಅಂಗಳ. ಗೋಡೆ ದಿನಗಳನ್ನು ಗಳಿಸಿಕೊಡುತ್ತದೆ, ಅಂಗಳ ಆ ದಿನಗಳನ್ನು ಸಾಗಿಸುತ್ತದೆ. ಈ ಎರಡನ್ನೂ ಜೊತೆಯಾಗಿ ನೋಡುವುದನ್ನು ಕಲಿತರೆ ಪುಣೆಯ ಕೋಟೆಯಷ್ಟೇ ಅಲ್ಲ, ಚಿತ್ರದುರ್ಗ, ಬೀದರ್, ವಿಜಯಪುರದ ಕೋಟೆಗಳೂ ನಿಮಗೆ ಅರ್ಥವಾಗುತ್ತವೆ.

ಎರಡು ಬಗೆಯ ಕೋಟೆಗಳು

ಕೌಟಿಲ್ಯನ ಅರ್ಥಶಾಸ್ತ್ರವು ನೀರು, ಬೆಟ್ಟ, ಮರುಭೂಮಿ, ಕಾಡು ಎಂದು ರಕ್ಷಣೆ ಕೊಡುವ ನೆಲೆಯ ಮೇಲೆ ದುರ್ಗಗಳನ್ನು ನಾಲ್ಕಾಗಿ ವಿಂಗಡಿಸುತ್ತದೆ. ಪುಣೆಯ ಸುತ್ತ ನೋಡುವವರಿಗೆ ಸದ್ಯಕ್ಕೆ ಎರಡು ಬಗೆ ಸಾಕು. ಒಂದು ಗಿರಿದುರ್ಗ: ಸಿಂಹಗಡ, ಪುರಂದರ, ರಾಜಗಡ, ಲೋಹಗಡ, ಜುನ್ನರಿನ ಶಿವನೇರಿ ಇವೆಲ್ಲ ಸಹ್ಯಾದ್ರಿಯ ಕೋಡುಗಳ ಮೇಲಿನವು. ಇನ್ನೊಂದು ಬಯಲಿನ ಕೋಟೆ. ಮರಾಠಿಯಲ್ಲಿ ಇದನ್ನು ಭುಯಿಕೋಟ್ ಎನ್ನುತ್ತಾರೆ. ಚಾಕಣದ ಸಂಗ್ರಾಮದುರ್ಗ ಇದಕ್ಕೆ ಉದಾಹರಣೆ. ಊರ ನಡುವೆ, ಮುಠಾ ನದಿಯ ಹತ್ತಿರ, ಸಮತಟ್ಟಾದ ನೆಲದಲ್ಲಿ ನಿಂತಿರುವ ಶನಿವಾರವಾಡೆಯೂ ಕಟ್ಟಡದ ಲೆಕ್ಕದಲ್ಲಿ ಈ ಗುಂಪಿಗೇ ಸೇರುತ್ತದೆ.

ವಯಸ್ಸಿನ ವಿಷಯ ಸ್ಪಷ್ಟವಾಗಿರಲಿ. ಸಿಂಹಗಡಕ್ಕೆ ಮೊದಲು ಕೊಂಢಾಣಾ ಎಂದು ಹೆಸರಿತ್ತು. 14ನೇ ಶತಮಾನದಲ್ಲಿ ಮುಹಮ್ಮದ್ ಬಿನ್ ತುಘಲಕ್ ಅದನ್ನು ಮುತ್ತಿದಾಗ ಕೋಲಿ ಸಮುದಾಯದ ನಾಗ ನಾಯಕ ಒಳಗಿನಿಂದ ಕಾದಾಡಿದ. ಶನಿವಾರವಾಡೆ ಅದಕ್ಕಿಂತ ನಾಲ್ಕು ಶತಮಾನ ಕಿರಿಯದು. ಒಂದನೇ ಬಾಜಿರಾಯ ಪೇಶ್ವೆ 1730ರ ಜನವರಿ 10ರಂದು, ಶನಿವಾರ, ಇದಕ್ಕೆ ಅಡಿಗಲ್ಲು ಹಾಕಿದ. 1732ರ ಜನವರಿ 22ರಂದು, ಅದೂ ಶನಿವಾರವೇ, ಗೃಹಪ್ರವೇಶವಾಯಿತು. ಆಗಿನ ಖರ್ಚು 16,110 ರೂಪಾಯಿ. ತೇಗದ ಮರ ಜುನ್ನರಿನ ಕಾಡಿನಿಂದ, ಕಲ್ಲು ಚಿಂಚವಾಡದ ಕ್ವಾರಿಗಳಿಂದ, ಸುಣ್ಣ ಜೇಜೂರಿಯಿಂದ ಬಂತು. ಕಾಲದಲ್ಲಿ ಕಿರಿಯದಾದರೂ ಗೋಡೆ, ಕೊತ್ತಲ, ಬಾಗಿಲು, ಅಂಗಳಗಳ ಜೋಡಣೆಯಲ್ಲಿ ಅದು ಹಳೆಯ ಕೋಟೆಗಳ ಪಾಠವನ್ನೇ ಅನುಸರಿಸಿದೆ. ಊರೊಳಗೇ ಇರುವುದರಿಂದ ಕಲಿಕೆಯನ್ನು ಇಲ್ಲಿಂದ ಶುರು ಮಾಡುವುದು ಸುಲಭ.

ಗೋಡೆಯನ್ನು ಹೇಗೆ ನೋಡಬೇಕು

ಟಿಕೆಟ್ ಕೊಳ್ಳುವ ಮುನ್ನ ಹೊರಗಿನಿಂದಲೇ ಗೋಡೆಯ ಗುಂಟ ಸ್ವಲ್ಪ ದೂರ ನಡೆಯಿರಿ. ಗೋಡೆಯ ಕೆಳಭಾಗ ಕಲ್ಲಿನದು, ಮೇಲ್ಭಾಗ ಇಟ್ಟಿಗೆಯದು. ಈ ಬೆರಕೆಗೆ ಪುಣೆಯಲ್ಲಿ ಒಂದು ಕಥೆ ಹೇಳುತ್ತಾರೆ. ಪೇಶ್ವೆ ಎಂದರೆ ಪ್ರಧಾನಿ. ಕಲ್ಲಿನ ಕೋಟೆ ಕಟ್ಟುವ ಹಕ್ಕು ದೊರೆಗೆ ಮಾತ್ರ. ಹೀಗಾಗಿ ಸಾತಾರದ ಛತ್ರಪತಿ ಶಾಹೂ ಮಹಾರಾಜರಿಗೆ ದೂರು ಹೋಯಿತು, ಅಷ್ಟರಲ್ಲಿ ಬುನಾದಿ ಮುಗಿದಿದ್ದುದರಿಂದ ಮಿಕ್ಕಿದ್ದನ್ನು ಇಟ್ಟಿಗೆಯಲ್ಲಿ ಕಟ್ಟಿದರು ಎಂಬುದು ಕಥೆ. ಕಥೆಯ ವಿವರ ಹೇಗೇ ಇರಲಿ, ಅದರ ಹಿಂದಿನ ತಿಳಿವಳಿಕೆ ಗಟ್ಟಿಯಾದದ್ದು: ಕೋಟೆಗೋಡೆ ಎಂದರೆ ಅಧಿಕಾರದ ಘೋಷಣೆ. ಮಧ್ಯಯುಗದ ಇಂಗ್ಲೆಂಡಿನಲ್ಲೂ ಸರದಾರರು ತಮ್ಮ ಮನೆಯ ಗೋಡೆಗೆ ತೆನೆ ಕಟ್ಟಿಸಬೇಕಾದರೆ ಅರಸನಿಂದ ಪರವಾನಗಿ ಪಡೆಯುತ್ತಿದ್ದರು. ಬಾಜಿರಾಯನ ಮಗ ನಾನಾಸಾಹೇಬ ಪೇಶ್ವೆಯ ಕಾಲದಲ್ಲಿ ವಾಡೆಯ ಕೋಟೆಗೋಡೆ, ಕೊತ್ತಲ, ಬಾಗಿಲುಗಳು ಪೂರ್ಣಗೊಂಡವು. 1749ರಲ್ಲಿ ಶಾಹೂ ತೀರಿಕೊಂಡ ಮೇಲೆ ಮರಾಠಾ ರಾಜ್ಯದ ನಿಜವಾದ ಅಧಿಕಾರ ಪುಣೆಗೆ ಬಂದಿತ್ತು. ಗೋಡೆಯ ಎತ್ತರ ಅದನ್ನೇ ಸಾರುತ್ತದೆ.

ಈಗ ಗೋಡೆಯ ಅಂಗಾಂಗಗಳನ್ನು ಒಂದೊಂದಾಗಿ ಗುರುತಿಸೋಣ.

ಗೋಡೆಯ ನೇರ ಸಾಲಿನಿಂದ ಹೊರಕ್ಕೆ ಉಬ್ಬಿದ ದುಂಡಗಿನ ಭಾಗ ಕೊತ್ತಲ. ಬುರುಜು ಎಂದರೂ ಇದೇ. ಚಿತ್ರದುರ್ಗದವರು ಬತೇರಿ ಎನ್ನುತ್ತಾರೆ. ಶನಿವಾರವಾಡೆಗೆ ಒಂಬತ್ತು ಕೊತ್ತಲಗಳಿವೆ. ಗೋಡೆ ನೇರವಾಗಿಯೇ ಇದ್ದರೆ ಅದರ ಬುಡಕ್ಕೆ ಬಂದು ಅಂಟಿಕೊಂಡ ಶತ್ರು ಮೇಲಿನವರ ಕಣ್ಣಿಗೆ ಬೀಳುವುದಿಲ್ಲ. ಅವನನ್ನು ನೋಡಲು ಬಗ್ಗಿದವನು ತಾನೇ ಗುರಿಯಾಗುತ್ತಾನೆ. ಕೊತ್ತಲ ಹೊರಕ್ಕೆ ಚಾಚಿರುವುದರಿಂದ ಅದರ ಮೇಲೆ ನಿಂತವನಿಗೆ ಎರಡು ಪಕ್ಕದ ಗೋಡೆಗಳ ಬುಡ ಉದ್ದಕ್ಕೂ ಕಾಣುತ್ತದೆ. ಆದ್ದರಿಂದ ಎರಡು ಕೊತ್ತಲಗಳ ನಡುವಿನ ದೂರ ಆಯುಧದ ಗುರಿ ಮುಟ್ಟುವಷ್ಟಿರಬೇಕು. ಯಾವ ಕೋಟೆಗೆ ಹೋದರೂ ಒಂದು ಕೊತ್ತಲದ ಮೇಲೆ ನಿಂತು ಮುಂದಿನದನ್ನು ನೋಡಿ. ನಡುವಿನ ಗೋಡೆಯ ಬುಡದಲ್ಲಿ ಅಡಗಲು ಜಾಗವಿದೆಯೇ ಎಂದು ಹುಡುಕಿ. ಸಿಗದಿದ್ದರೆ ಕಟ್ಟಿದವನು ಜಾಣ. ಕೊತ್ತಲ ದುಂಡಗಿರುವುದಕ್ಕೂ ಕಾರಣವಿದೆ. ಚೌಕದ ಮೂಲೆಯನ್ನು ಗುಂಡು ಬೇಗ ಒಡೆಯುತ್ತದೆ, ಬಾಗಿದ ಮೈಗೆ ಬಿದ್ದ ಗುಂಡು ಪಕ್ಕಕ್ಕೆ ಜಾರುವ ಸಾಧ್ಯತೆ ಹೆಚ್ಚು.

ಗೋಡೆಯ ತುದಿಯಲ್ಲಿ ಸಾಲಾಗಿ ಎದ್ದು ನಿಂತವು ತೆನೆಗಳು. ಕಾವಲುಗಾರ ತೆನೆಯ ಮರೆಯಲ್ಲಿ ನಿಂತು ಬಂದೂಕಿಗೆ ಮದ್ದು ತುಂಬುತ್ತಾನೆ, ಕಿಂಡಿಯಿಂದ ಹೊಡೆಯುತ್ತಾನೆ. ಕಿಂಡಿಗಳನ್ನು ಗಮನವಿಟ್ಟು ನೋಡಿ. ಕೆಲವು ನೇರವಾಗಿ ದೂರಕ್ಕೆ ತೆರೆದಿರುತ್ತವೆ, ಕೆಲವು ಕೆಳಮುಖವಾಗಿ ಬುಡದ ಕಡೆಗೆ. ದೂರದ ದಂಡಿಗೆ ಒಂದು, ಬುಡಕ್ಕೆ ಬಂದವನಿಗೆ ಇನ್ನೊಂದು. ತೆನೆಗಳ ಹಿಂದೆ ಗೋಡೆಯ ನೆತ್ತಿಯ ಮೇಲೆ ಓಡಾಡುವ ದಾರಿ ಇರುತ್ತದೆ. ದಾಳಿ ಯಾವ ದಿಕ್ಕಿಗೆ ಬಂದರೂ ಒಳಗಿನ ಜನ ಕೆಳಗಿಳಿಯದೆ ಅಲ್ಲಿಗೆ ಓಡಿ ಸೇರಲು ಈ ದಾರಿ ಬೇಕು.

ಬಯಲಿನ ಕೋಟೆಗೆ ಇನ್ನೊಂದು ರಕ್ಷೆ ಕಂದಕ, ಅಂದರೆ ಅಗಳು. ಗೋಡೆಗೆ ಏಣಿ ಚಾಚುವವನನ್ನು, ಬುಡವನ್ನು ಅಗೆಯುವವನನ್ನು ಅದು ದೂರ ಇಡುತ್ತದೆ. ಇದರ ಅತ್ಯುತ್ತಮ ಮಾದರಿ ನೋಡಬೇಕಾದವರು ಬೀದರಿಗೆ ಹೋಗಬೇಕು. ಬಹಮನಿ ಸುಲ್ತಾನರು ಅಲ್ಲಿನ ಕೆಂಪು ಮುರಕಲ್ಲನ್ನು ಕೊರೆಸಿ ಮೂರು ಸಾಲಿನ ಕಂದಕ ಮಾಡಿಸಿದ್ದಾರೆ. ನಡುವೆ ಬಂಡೆಯ ಎರಡು ದಿಣ್ಣೆಗಳನ್ನು ಹಾಗೆಯೇ ಉಳಿಸಿದ್ದಾರೆ. ಒಂದನ್ನು ದಾಟಿದವನಿಗೆ ಇನ್ನೆರಡು ಕಾದಿರುತ್ತವೆ.

ಸಹ್ಯಾದ್ರಿಯ ಗಿರಿದುರ್ಗಗಳಿಗೆ ಹೋದಾಗ ಗೋಡೆ ಕೆಲವೆಡೆ ಇಲ್ಲವೇ ಇಲ್ಲ ಎಂದು ಅಚ್ಚರಿಯಾಗಬಹುದು. ಕಡಿದಾದ ಕಪ್ಪು ಬಸಾಲ್ಟ್ ಬಂಡೆಯೇ ಅಲ್ಲಿ ಗೋಡೆ. ಏರಬಹುದಾದ ಸಂದು ಇರುವ ಕಡೆ ಮಾತ್ರ ಮನುಷ್ಯ ಕಲ್ಲು ಜೋಡಿಸಿದ್ದಾನೆ. ಗೋಡೆ ಎಲ್ಲಿದೆಯೋ ಅಲ್ಲಿ ಬೆಟ್ಟ ದುರ್ಬಲ ಎಂದು ತಿಳಿಯಿರಿ. ಕಟ್ಟಿದವರು ಬೆಟ್ಟವನ್ನು ಎಷ್ಟು ಸೂಕ್ಷ್ಮವಾಗಿ ಪರೀಕ್ಷಿಸಿದ್ದರು ಎಂಬುದು ಗೋಡೆಯ ತುಂಡುತುಂಡು ಸಾಲನ್ನು ಹಿಂಬಾಲಿಸಿದಾಗ ತಿಳಿಯುತ್ತದೆ. ಆ ಪರೀಕ್ಷೆಯಲ್ಲಿ ಒಂದು ಕಡೆ ನಂಬಿಕೆ ಹೆಚ್ಚಾದರೂ ಅಪಾಯ ತಪ್ಪಿದ್ದಲ್ಲ. 1670ರ ಫೆಬ್ರವರಿಯಲ್ಲಿ ಶಿವಾಜಿಯ ಸರದಾರ ತಾನಾಜಿ ಮಾಲುಸರೆ ಮತ್ತು ಅವನ ಮಾವಳ ಪಡೆ ಕೊಂಢಾಣಾವನ್ನು ಗೆದ್ದದ್ದು ಯಾರೂ ಏರಲಾರರೆಂದು ಕಾವಲು ಸಡಿಲಿಸಿದ್ದ ಬಂಡೆಯ ಕಡೆಯಿಂದ, ರಾತ್ರಿಯಲ್ಲಿ. ತಾನಾಜಿ ಆ ಹೋರಾಟದಲ್ಲಿ ಮಡಿದ.

ಬಾಗಿಲು: ಗೋಡೆಯ ದುರ್ಬಲ ಜಾಗ

ಒಳಗಿನವರಿಗೆ ಬಾಗಿಲು ಬೇಕೇ ಬೇಕು. ಶತ್ರುವಿಗೂ ಅದೇ ಬೇಕು. ಹಾಗಾಗಿ ಕೋಟೆ ಕಟ್ಟುವವನು ತನ್ನ ಬುದ್ಧಿಯನ್ನೆಲ್ಲ ಬಾಗಿಲಿಗೆ ಸುರಿಯುತ್ತಾನೆ. ಶನಿವಾರವಾಡೆಗೆ ಐದು ಬಾಗಿಲುಗಳು: ಉತ್ತರಕ್ಕೆ ಮುಖಮಾಡಿದ ದಿಲ್ಲಿ ದರ್ವಾಜಾ, ಅದೇ ಬದಿಯ ಮಸ್ತಾನಿ ದರ್ವಾಜಾ, ಪೂರ್ವದ ಖಿಡಕಿ ದರ್ವಾಜಾ, ಆಗ್ನೇಯದ ಗಣೇಶ ದರ್ವಾಜಾ, ದಕ್ಷಿಣದ ನಾರಾಯಣ ದರ್ವಾಜಾ.

ದಿಲ್ಲಿ ದರ್ವಾಜಾದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಅಂಬಾರಿ ಹೊತ್ತ ಆನೆ ಹೋಗುವಷ್ಟು ಎತ್ತರ, ಅಗಲ ಇದೆ. ಆನೆಯಿಂದಲೇ ಅದಕ್ಕೆ ಭಯವೂ ಇತ್ತು. ಹಣೆಯಿಂದ ಗುದ್ದಿ ಬಾಗಿಲು ಒಡೆಯಲು ಆನೆಗಳನ್ನು ಬಿಡುವ ಪದ್ಧತಿಯಿತ್ತಲ್ಲ, ಅದಕ್ಕಾಗಿ ಪ್ರತಿ ಕದದ ಮೇಲೂ ಸುಮಾರು ಹನ್ನೆರಡು ಅಂಗುಲದ 72 ಚೂಪು ಮೊಳೆಗಳನ್ನು ಒಂಬತ್ತಕ್ಕೆ ಎಂಟರ ಸಾಲಿನಲ್ಲಿ ಬಡಿದಿದ್ದಾರೆ. ಅವು ಇರುವ ಎತ್ತರ ನೋಡಿ: ಯುದ್ಧದ ಆನೆಯ ಹಣೆಯ ಮಟ್ಟ. ಬಲಗಡೆಯ ಕದದಲ್ಲಿ ಒಬ್ಬನೇ ನುಸುಳುವಷ್ಟು ಸಣ್ಣ ದಿಡ್ಡಿ ಬಾಗಿಲಿದೆ. ದಿನನಿತ್ಯದ ಓಡಾಟ ಅದರಲ್ಲಿ. ಗುಂಪು ನುಗ್ಗಲಾಗದು. ಬಗ್ಗಿ ಬರುವವನನ್ನು ಒಳಗಿನ ಕಾವಲಿನವನು ನಿಧಾನವಾಗಿ ಪರೀಕ್ಷಿಸಬಹುದು.

ಇನ್ನು ಒಳಗೆ ನಡೆಯಿರಿ, ಆದರೆ ನಿಮ್ಮ ಕಾಲು ಎತ್ತ ತಿರುಗುತ್ತದೆ ಎಂಬುದನ್ನು ಗಮನಿಸಿ. ಬಾಗಿಲು ದಾಟಿದ ಕೂಡಲೇ ಅಂಗಳ ಸಿಗುವುದಿಲ್ಲ. ಬಲಕ್ಕೆ ತಿರುಗಬೇಕು, ಆಮೇಲೆ ಎಡಕ್ಕೆ. ಮೊದಲನೆಯದಾಗಿ, ಓಡಿ ಬರುವ ದಂಡಿನ ವೇಗ ಆ ಎರಡು ತಿರುವಿನಲ್ಲಿ ಮುರಿಯುತ್ತದೆ. ಎರಡನೆಯದಾಗಿ, ಹೊರಗೆ ನಿಲ್ಲಿಸಿದ ಫಿರಂಗಿ ತೆರೆದ ಬಾಗಿಲಿನ ಮೂಲಕ ನೇರ ಅಂಗಳಕ್ಕೆ ಹೊಡೆಯಲಾಗದು. ಬಾಗಿಲ ಮೇಲೆ ನಗಾರಖಾನೆ ಇದೆ. ಹೊತ್ತುಹೊತ್ತಿಗೆ ನಗಾರಿ ಬಾರಿಸುವ ಜಾಗವದು.

ಶಿವಾಜಿಯ ಕಾಲದ ಗಿರಿದುರ್ಗಗಳು ಈ ತಿರುವಿನ ಉಪಾಯವನ್ನು ಇನ್ನೂ ಮುಂದಕ್ಕೆ ಒಯ್ದವು. ಎರಡು ಕೊತ್ತಲಗಳನ್ನು ಒಂದರ ಮುಂದೊಂದು ಬಾಗಿಸಿ ಕಟ್ಟಿ, ಅವುಗಳ ಮಡಿಲಲ್ಲಿ ಬಾಗಿಲನ್ನು ಅಡಗಿಸುತ್ತಿದ್ದರು. ಇದಕ್ಕೆ ಗೋಮುಖ ಎಂದು ಹೆಸರು. ರಾಯಗಡದ ಮಹಾದರ್ವಾಜಾ ಪ್ರಸಿದ್ಧ ಉದಾಹರಣೆ. ದೂರದಿಂದ ಬರುವವನಿಗೆ ಬಾಗಿಲು ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಎರಡೂ ಕೊತ್ತಲಗಳ ಕಿಂಡಿಗಳ ನಡುವೆ ಸಿಕ್ಕಿಬಿದ್ದಿರುತ್ತಾನೆ.

ಕಳ್ಳಬಾಗಿಲಿನ ಬಗ್ಗೆಯೂ ಒಂದು ಮಾತು. ಮುತ್ತಿಗೆಯ ಹೊತ್ತಿನಲ್ಲಿ ಸುದ್ದಿ ಕಳಿಸಲು, ಕಾಳು ತರಿಸಲು, ಕೊನೆಗೆ ಪಾರಾಗಲು ಪ್ರತಿ ಕೋಟೆಗೂ ಗುಟ್ಟಿನ ದಾರಿ ಬೇಕು. ರಾಜಗಡದಲ್ಲಿ ಚೋರ ದರ್ವಾಜಾ ಎಂದೇ ಕರೆಯುವ ಬಾಗಿಲಿದೆ. ಅಂಥ ಕಿಂಡಿ ಶತ್ರುವಿಗೆ ತಿಳಿದರೆ ಏನಾದೀತೆಂಬುದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಓಬವ್ವನ ಕಿಂಡಿಯ ಕಥೆ ಕೇಳಿ ಬೆಳೆದವರು ನಾವು.

ಒಂದರೊಳಗೊಂದು ಸುತ್ತು

ಒಂದೇ ಗೋಡೆಯನ್ನು ನಂಬಿ ಕೂರುವುದು ಅಪಾಯ ಎಂಬುದನ್ನು ಕೋಟೆ ಕಟ್ಟುವವರು ಎಲ್ಲ ದೇಶಗಳಲ್ಲೂ ಕಂಡುಕೊಂಡರು. ಪರಿಹಾರ ಒಂದೇ: ಗೋಡೆಯ ಒಳಗೆ ಗೋಡೆ. ಚಿತ್ರದುರ್ಗ ಏಳು ಸುತ್ತಿನ ಕೋಟೆ ಎಂದು ಹೆಸರಾದದ್ದು ಹೀಗೆ. ವೇಲ್ಸ್‌ನಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ 1295ರಲ್ಲಿ ಆರಂಭಿಸಿದ ಬ್ಯೂಮಾರಿಸ್ ಕೋಟೆಗೆ ಎರಡು ಸುತ್ತು. ಹೊರಗಿನದು ತಗ್ಗು, ಒಳಗಿನದು ಎತ್ತರ. ಹೊರಸುತ್ತಿನ ಮೇಲಿನವರೂ ಒಳಸುತ್ತಿನ ಮೇಲಿನವರೂ ಏಕಕಾಲಕ್ಕೆ ಬಾಣ ಬಿಡಬಹುದು. ಹೊರಗಿನದು ಶತ್ರುವಿನ ಕೈಗೆ ಹೋದರೂ ಅವನು ಒಳಗಿನ ಎತ್ತರದ ಗೋಡೆಯ ಕೆಳಗೇ ನಿಲ್ಲಬೇಕು. ಎರಡು ಗೋಡೆಗಳ ನಡುವಿನ ಆ ಬಯಲು ಹೊರ ಅಂಗಳ, ಒಳಗೋಡೆಯ ಒಳಗಿನದು ಒಳ ಅಂಗಳ. ಯೂರೋಪಿನ ಕೋಟೆಗಳ ಬಗ್ಗೆ ಓದುವಾಗ ಈ ಎರಡು ಅಂಗಳಗಳ ಲೆಕ್ಕ ತಲೆಯಲ್ಲಿದ್ದರೆ ಸಾಕು, ನಕ್ಷೆ ಸುಲಭವಾಗಿ ತಿಳಿಯುತ್ತದೆ.

ಸಹ್ಯಾದ್ರಿಯಲ್ಲಿ ಇದೇ ಲೆಕ್ಕ ಬೆಟ್ಟದ ಮೆಟ್ಟಿಲುಗಳ ಮೇಲೆ ಇದೆ. ಶಿಖರದ ಕೆಳಗೆ ಚಾಚಿಕೊಂಡ ಸಮತಟ್ಟು ಜಾಗಕ್ಕೆ ಮಾಚಿ ಎನ್ನುತ್ತಾರೆ. ಅದರ ಮೇಲಿನ ತುದಿಯ ಕೋಟೆ ಬಾಲೇಕಿಲ್ಲಾ. ಶಿವಾಜಿಯ ಮೊದಲ ರಾಜಧಾನಿಯಾಗಿದ್ದ ರಾಜಗಡಕ್ಕೆ ಪದ್ಮಾವತಿ, ಸುವೇಳಾ, ಸಂಜೀವನಿ ಎಂಬ ಮೂರು ಮಾಚಿಗಳಿವೆ. ಮೂರರ ನಡುವೆ ತಲೆಯೆತ್ತಿದ ಬಂಡೆಯ ಮೇಲೆ ಬಾಲೇಕಿಲ್ಲಾ. ಸಂಜೀವನಿ ಮಾಚಿಯ ಜೋಡಿಗೋಡೆಯನ್ನು ನೋಡಲೆಂದೇ ಅಲ್ಲಿಗೆ ಹೋಗಬೇಕು. ಹೊರಗೋಡೆ, ಒಳಗೋಡೆಗಳ ನಡುವೆ ಇಕ್ಕಟ್ಟಾದ ಓಣಿ ಇದೆ. ಹೊರಗೋಡೆಯನ್ನು ಒಡೆದು ನುಗ್ಗಿದವನಿಗೆ ಸಿಗುವುದು ಆ ಓಣಿಯಷ್ಟೇ.

ಈ ಸುತ್ತುಗಳ ಬೆಲೆ ಏನೆಂದು ಪುರಂದರ ತೋರಿಸಿತು. 1665ರಲ್ಲಿ ಮೊಘಲ್ ಸೇನಾಪತಿಗಳಾದ ಮಿರ್ಜಾ ರಾಜಾ ಜಯಸಿಂಹ ಮತ್ತು ದಿಲೇರ್ ಖಾನ್ ಮುತ್ತಿದಾಗ ಮೊದಲು ಪಕ್ಕದ ವಜ್ರಗಡ ಹೋಯಿತು. ಅಲ್ಲಿಂದ ಪುರಂದರದ ಮಾಚಿಯ ಮೇಲೆ ಫಿರಂಗಿ ಗುಂಡು ಬೀಳತೊಡಗಿತು, ಕೊತ್ತಲಗಳು ಕುಸಿದವು. ಕಿಲ್ಲೇದಾರ ಮುರಾರಬಾಜಿ ದೇಶಪಾಂಡೆ ಹೊರಬಿದ್ದು ಹೋರಾಡಿ ಮಡಿದ. ಮಾಚಿ ಕೈಬಿಟ್ಟ ಮೇಲೂ ಉಳಿದವರು ಮೇಲಿನ ಬಾಲೇಕಿಲ್ಲಾದಿಂದ ಕಾದಾಟ ಮುಂದುವರಿಸಿದರು. ಕೊನೆಗೆ ಜೂನ್ 11ರಂದು ಒಪ್ಪಂದವಾಗಿ ಶಿವಾಜಿ 23 ಕೋಟೆಗಳನ್ನು ಬಿಟ್ಟುಕೊಟ್ಟರೂ 12 ಅವರ ಕೈಯಲ್ಲೇ ಉಳಿದವು. ಮಾತುಕತೆಗೆ ಬೇಕಾದ ದಿನಗಳನ್ನು ಆ ಎರಡನೆಯ ಸುತ್ತು ಗಳಿಸಿಕೊಟ್ಟಿತ್ತು.

ಅಂಗಳದ ಬದುಕು

ಈಗ ಶನಿವಾರವಾಡೆಯ ಒಳಗಿನ ಆ ಖಾಲಿ ಹುಲ್ಲುಹಾಸಿಗೆ ಮರಳೋಣ. ಹೊಸಬರಿಗೆ ನಿರಾಸೆಯಾಗುವುದು ಇಲ್ಲೇ, ಕಲಿಯಲು ಹೆಚ್ಚು ಇರುವುದೂ ಇಲ್ಲೇ.

ನಮ್ಮ ತೊಟ್ಟಿ ಮನೆ ನೋಡಿದವರಿಗೆ ವಾಡೆಯ ನಕ್ಷೆ ಅಪರಿಚಿತವಲ್ಲ. ನಡುವೆ ಆಕಾಶಕ್ಕೆ ತೆರೆದ ಚೌಕ, ನಾಲ್ಕೂ ಕಡೆ ಕಂಬಸಾಲಿನ ಪಡಸಾಲೆ, ಅದರ ಹಿಂದೆ ಕೋಣೆಗಳು. ಸಾಧಾರಣ ವಾಡೆಗೆ ಒಂದು ಚೌಕ. ಸ್ಥಿತಿವಂತರದಕ್ಕೆ ಎರಡು: ಬೀದಿಯ ಕಡೆಯದು ಬರುಹೋಗುವವರಿಗೆ, ಒಳಗಿನದು ಮನೆಯವರಿಗೆ. ಶನಿವಾರವಾಡೆಗೆ ನಾಲ್ಕು ದೊಡ್ಡ ಚೌಕಗಳಿದ್ದವು, ಜೊತೆಗೆ ಸಣ್ಣವು ಹಲವು. ಆಡಳಿತದ ಕಚೇರಿ ನಡೆಯುವ ಫಡದ ಚೌಕ, ಕಸರತ್ತಿನ ತಾಲೀಮಖಾನೆಯ ಚೌಕ, ಅಡುಗೆಮನೆಯ ಮುದಪಾಕಖಾನೆಯ ಚೌಕ ಹೀಗೆ ಕೆಲಸಕ್ಕೆ ತಕ್ಕ ಹೆಸರುಗಳು. ಚೌಕಗಳ ಸುತ್ತ ಎದ್ದಿದ್ದ ಮಹಲುಗಳಲ್ಲಿ ದೊಡ್ಡದು ಏಳು ಅಂತಸ್ತಿನದು. ಮೇಲಿನ ಅಂತಸ್ತಾದ ಮೇಘಡಂಬರಿಯಿಂದ ಆಳಂದಿಯ ಜ್ಞಾನೇಶ್ವರ ದೇವಾಲಯದ ಶಿಖರ ಕಾಣುತ್ತಿತ್ತೆಂದು ಹೇಳುತ್ತಾರೆ. ದರಬಾರು ಗಣೇಶ ರಂಗಮಹಾಲಿನಲ್ಲಿ.

ಗೋಡೆಯಿಂದ ಇಷ್ಟು ಭದ್ರವಾದ ಜಾಗಕ್ಕೆ ಇಷ್ಟೊಂದು ತೆರೆದ ಅಂಗಳ ಏಕೆ? ಕೋಟೆಗೋಡೆಗೆ ಹೊರಮುಖದ ಕಿಟಕಿ ಇಡಲಾಗದು. ಗಾಳಿ, ಬೆಳಕು ಒಳಗಿನಿಂದಲೇ ಹುಟ್ಟಬೇಕು. ಮಳೆನೀರು ಹರಿದುಹೋಗಲು, ದಂಡು ಸಾಲಾಗಿ ನಿಲ್ಲಲು, ಕುದುರೆ ಕಟ್ಟಲು, ಹಬ್ಬಕ್ಕೆ ಊರ ಜನರನ್ನು ಸೇರಿಸಲು ಬಯಲು ಬೇಕು. ಅಂಗಳಗಳ ಸಾಲು ಇನ್ನೂ ಒಂದು ಕೆಲಸ ಮಾಡುತ್ತದೆ: ಯಾರು ಎಲ್ಲಿಯವರೆಗೆ ಬರಬಹುದು ಎಂಬುದನ್ನು ಅದು ನಿರ್ಧರಿಸುತ್ತದೆ. ಅರ್ಜಿ ತಂದ ರೈತ ಮೊದಲ ಚೌಕದವರೆಗೆ, ಸರದಾರ ಮುಂದಿನದಕ್ಕೆ, ಮನೆಯವರು ಮಾತ್ರ ಒಳಗಿನದಕ್ಕೆ. ಹೊರಗೋಡೆ ಶತ್ರುವನ್ನು ತಡೆದರೆ ಚೌಕದ ಬಾಗಿಲುಗಳು ತಮ್ಮವರನ್ನೇ ಸೋಸುತ್ತವೆ.

ಅಂಗಳದ ಮೊದಲ ಆಸ್ತಿ ನೀರು. ಶನಿವಾರವಾಡೆಯ ಹಜಾರಿ ಕಾರಂಜಿಯ ಕೊಳವನ್ನು ಎಲ್ಲರೂ ನೋಡುತ್ತಾರೆ. ತಾವರೆಯ ಆಕಾರದ ಈ ಕಾರಂಜಿಯನ್ನು ಎಳೆಯ ಪೇಶ್ವೆ ಸವಾಯಿ ಮಾಧವರಾಯನ ಸಂತೋಷಕ್ಕೆಂದು ಮಾಡಿಸಿದರು. ಅದಕ್ಕೆ ನೀರು ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ನಾನಾಸಾಹೇಬ ಪೇಶ್ವೆ ದಕ್ಷಿಣದ ಕಾತ್ರಜ್ ಗುಡ್ಡದ ಬುಡದಲ್ಲಿ ಕೆರೆ ಕಟ್ಟಿಸಿ, ನೆಲದಡಿಯ ಕಾಲುವೆಯ ಮೂಲಕ ಹಲವು ಕಿಲೋಮೀಟರ್ ದೂರದ ಊರಿಗೂ ವಾಡೆಗೂ ನೀರು ಹರಿಸಿದ. ಯಂತ್ರವಿಲ್ಲ, ಇಳಿಜಾರೊಂದೇ ಬಲ. ಅದ್ಭುತವಾದ ಕೆಲಸ. ಆದರೆ ಕೋಟೆಯ ಕಣ್ಣಿನಿಂದ ನೋಡಿದರೆ ಅದರಲ್ಲಿ ಒಂದು ಸಂಗತಿ ಅಡಗಿದೆ: ನೀರಿಗಾಗಿ ಹೊರಗಿನ ಕೆರೆಯನ್ನು ನಂಬಿದವರು ದೀರ್ಘ ಮುತ್ತಿಗೆಯನ್ನು ನಿರೀಕ್ಷಿಸಿದವರಲ್ಲ. ಗಿರಿದುರ್ಗದವರು ಹಾಗೆ ಮಾಡಲಾರರು. ಸಿಂಹಗಡದ ದೇವಟಾಕೆ, ಶಿವನೇರಿಯ ಗಂಗಾ ಜಮುನಾ ಟಾಕೆಗಳು, ರಾಜಗಡದ ಪದ್ಮಾವತಿ ಕೆರೆ, ಲೋಹಗಡದ ಹದಿನಾರು ಮೂಲೆಯ ಕೊಳ ಎಲ್ಲವೂ ಗೋಡೆಯ ಒಳಗೇ ಇವೆ. ಕಲ್ಲು ಕೊರೆದು ಮಾಡಿದ ತೊಟ್ಟಿಗಳು ಮಳೆಗಾಲದ ನೀರನ್ನು ಬೇಸಿಗೆಯವರೆಗೆ ಕಾಪಾಡುತ್ತವೆ, ತೊಟ್ಟಿಯಿಂದ ತೆಗೆದ ಕಲ್ಲು ಗೋಡೆಗೆ ಸಿಗುತ್ತದೆ.

ಎರಡನೆಯ ಆಸ್ತಿ ಕಾಳು. ಶಿವನೇರಿಯಲ್ಲಿ, ಪನ್ಹಾಳದಲ್ಲಿ ಅಂಬರಖಾನಾ ಎಂಬ ದೊಡ್ಡ ಕಣಜಗಳು ಇಂದಿಗೂ ನಿಂತಿವೆ. ತುಘಲಕನ ಸೈನ್ಯ ಕೊಂಢಾಣಾದ ಸುತ್ತ ಕುಳಿತದ್ದು ಎಂಟು ತಿಂಗಳು. ಒಳಗಿನ ಆಹಾರ ಮುಗಿದ ಮೇಲೆ ನಾಗ ನಾಯಕ ಕೋಟೆ ಬಿಟ್ಟ. ಅಂದರೆ ಆ ಬಂಡೆಯ ಕೋಟೆ ಬಿದ್ದದ್ದು ಗೋಡೆಯಲ್ಲಲ್ಲ, ಕಣಜದಲ್ಲಿ. ಮೂರನೆಯದು ಮದ್ದಿನ ಮನೆ. ಅದನ್ನು ಮನೆಗಳಿಂದ, ಒಲೆಗಳಿಂದ ದೂರ, ಪ್ರತ್ಯೇಕವಾಗಿ ಕಟ್ಟುತ್ತಿದ್ದರು. ಕೋಟೆಯ ಅಂಗಳದಲ್ಲಿ ದಪ್ಪ ಗೋಡೆಯ, ಕಿಟಕಿಯಿಲ್ಲದ ಒಂಟಿ ಕಟ್ಟಡ ಕಂಡರೆ ಅದು ಇದಾಗಿರಬಹುದು.

ಗೋಡೆ ಸೋಲುವ ಬಗೆಗಳು

ಕೋಟೆಯನ್ನು ಹೊಗಳಿ ಮುಗಿಸಿದರೆ ಪಾಠ ಅರ್ಧವಾಗುತ್ತದೆ. ಗೋಡೆ ಎಲ್ಲೆಲ್ಲಿ ಕೈಬಿಡುತ್ತದೆ ಎಂಬುದನ್ನೂ ತಿಳಿಯಬೇಕು. ಪುಣೆಯ ಸುತ್ತಲೇ ಹೆಚ್ಚಿನ ಉದಾಹರಣೆಗಳಿವೆ, ಒಂದಕ್ಕೆ ಮಾತ್ರ ಬೆಂಗಳೂರಿನ ಕಡೆ ನೋಡಬೇಕು.

ಕೆಳಗಿನಿಂದ: 1660ರಲ್ಲಿ ಮೊಘಲರ ಶಾಯಿಸ್ತಾ ಖಾನನ ಭಾರಿ ಸೈನ್ಯ ಚಾಕಣದ ಬಯಲು ಕೋಟೆಯನ್ನು ಮುತ್ತಿತು. ಕಿಲ್ಲೇದಾರ ಫಿರಂಗೋಜಿ ನರಸಾಳಾ ಸಣ್ಣ ಪಡೆಯೊಂದಿಗೆ ಸುಮಾರು ಎರಡು ತಿಂಗಳು ತಡೆದು ನಿಂತ. ಕೊನೆಗೆ ಮೊಘಲರು ಸುರಂಗ ತೋಡಿ, ಕೊತ್ತಲದ ಅಡಿಗೆ ಮದ್ದು ತುಂಬಿ ಸಿಡಿಸಿದರು. ಬಂಡೆಯ ಮೇಲಿರುವ ಗಿರಿದುರ್ಗಕ್ಕೆ ಈ ಭಯ ಕಡಿಮೆ, ಮಣ್ಣಿನ ಮೇಲಿರುವ ಕೋಟೆಗೆ ಇದೇ ದೊಡ್ಡ ಭಯ.

ಎದುರಿನಿಂದ: 1761ರಲ್ಲಿ ಹೈದರಾಲಿ ಕೆಂಪೇಗೌಡನ ಮಣ್ಣಿನ ಕೋಟೆಯ ಜಾಗದಲ್ಲಿ ಕಲ್ಲಿನ ಕೋಟೆ ಎಬ್ಬಿಸಿ ಬೆಂಗಳೂರನ್ನು ಭದ್ರಪಡಿಸಿದ್ದ. 1791ರ ಮಾರ್ಚಿನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಫಿರಂಗಿಗಳು ಆ ಗೋಡೆಯಲ್ಲೂ ಬಿರುಕು ಬಿಡಿಸಿದವು, ಸೈನ್ಯ ಒಳನುಗ್ಗಿತು. ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯ ಹತ್ತಿರ ಉಳಿದಿರುವ ಕೋಟೆಯ ತುಂಡಿಗೂ ದಿಲ್ಲಿ ಗೇಟ್ ಎಂದೇ ಹೆಸರು. ಪುಣೆ ನೋಡಿದವರು ಅದನ್ನೂ ನೋಡಿ ಹೋಲಿಸಬೇಕು.

ಮೇಲಿನಿಂದ: 1818ರಲ್ಲಿ ಬ್ರಿಟಿಷರು ಸಿಂಹಗಡದ ಗೋಡೆ ಏರಲು ಹೋಗಲೇ ಇಲ್ಲ. ಮೇಲಕ್ಕೆ ಹಾರಿ ಕೆಳಗೆ ಬಿದ್ದು ಸಿಡಿಯುವ ಮಾರ್ಟರ್ ಗುಂಡುಗಳನ್ನು ಗೋಡೆಯ ಮೇಲಿಂದ ಅಂಗಳಕ್ಕೇ ಸುರಿಸಿದರು. ಮಾರ್ಚ್ 2ರಂದು ಕೋಟೆ ಶರಣಾಯಿತು. ಆಕಾಶಕ್ಕೆ ತೆರೆದ ಅಂಗಳವನ್ನು ಯಾವ ಗೋಡೆಯೂ ಮುಚ್ಚಲಾರದು. ಆ ವರ್ಷದ ಮೊದಲ ತಿಂಗಳುಗಳಲ್ಲಿ ಲೋಹಗಡ, ಪುರಂದರಗಳೂ ಬ್ರಿಟಿಷರ ವಶವಾದವು.

ಒಳಗಿನಿಂದ: ಶನಿವಾರವಾಡೆಯ ಗೋಡೆಗೆ ದೊಡ್ಡ ಮುತ್ತಿಗೆಯ ಪರೀಕ್ಷೆ ಬರಲೇ ಇಲ್ಲ. 1802ರ ಅಕ್ಟೋಬರಿನಲ್ಲಿ ಮರಾಠಾ ಸರದಾರ ಯಶವಂತರಾವ್ ಹೋಳ್ಕರ್ ಪುಣೆಯ ಹೊರಗೆ ಗೆದ್ದಾಗ ಎರಡನೇ ಬಾಜಿರಾಯ ಊರು ಬಿಟ್ಟ. 1817ರ ನವೆಂಬರಿನಲ್ಲಿ ಖಡಕಿ, ಯೆರವಡಾಗಳ ಕಾಳಗದ ನಂತರವೂ ಹಾಗೆಯೇ ಆಯಿತು. ನವೆಂಬರ್ 17ರಂದು ವಾಡೆಯ ಮೇಲೆ ಬ್ರಿಟಿಷ್ ಬಾವುಟ ಏರಿತು. ಗೋಡೆ ಗಟ್ಟಿಯಾಗಿತ್ತು, ಅದರ ಹಿಂದೆ ನಿಲ್ಲುವ ಒಡೆಯನಿರಲಿಲ್ಲ. ಅದಕ್ಕೂ ಮುಂಚೆ, 1773ರ ಆಗಸ್ಟ್ 30ರಂದು, ಹದಿನೆಂಟು ವರ್ಷದ ಪೇಶ್ವೆ ನಾರಾಯಣರಾಯನನ್ನು ಕೊಂದವರು ವಾಡೆಯ ಸಂಬಳದ ಗಾರ್ದಿಗಳು, ಕಾವಲಿನವರೇ. ಒಂಬತ್ತು ಕೊತ್ತಲ, ಐದು ಬಾಗಿಲು, ಮೊಳೆ ಬಡಿದ ಕದ ಎಲ್ಲವೂ ಹೊರಕ್ಕೆ ಮುಖಮಾಡಿದ್ದವು. ಅಂಗಳದಲ್ಲಿ ಹುಟ್ಟಿದ ಕೇಡಿಗೆ ಅವುಗಳಲ್ಲಿ ಉತ್ತರವಿರಲಿಲ್ಲ. ನನ್ನ ಮಟ್ಟಿಗೆ ಶನಿವಾರವಾಡೆ ಕಲಿಸುವ ಅತಿ ದೊಡ್ಡ ಪಾಠ ಇದೇ: ಅಂಗಳದಲ್ಲಿ ನಂಬಿಕೆ ಇರುವವರೆಗೆ ಮಾತ್ರ ಗೋಡೆಗೆ ಬಲ.

ಕೊನೆಯ ಪೆಟ್ಟು ಬೆಂಕಿಯದು. 1828ರ ಫೆಬ್ರವರಿ 27ರಂದು ವಾಡೆಗೆ ಬೆಂಕಿ ಬಿತ್ತು. ಏಳು ದಿನ ಉರಿಯಿತು. ಮಹಲುಗಳು ತೇಗದ ಕಂಬ, ತೊಲೆ, ಕೆತ್ತನೆಯವು, ಎಲ್ಲ ಹೋದವು. ಕಲ್ಲು, ಇಟ್ಟಿಗೆಯ ಕೋಟೆಗೋಡೆ ಉಳಿಯಿತು. ಮಹಲುಗಳ ಬುನಾದಿಯ ಕಲ್ಲುಕಟ್ಟೆಗಳು ನೆಲದಲ್ಲಿ ಉಳಿದವು, ಮರಾಠಿಯವರು ಅವನ್ನು ಜೋತೆ ಎನ್ನುತ್ತಾರೆ. 1919ರಲ್ಲಿ ವಾಡೆಯನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಿದ ಮೇಲೆ ನಡೆದ ಅಗೆತದಲ್ಲಿ ಈ ಬುನಾದಿಗಳು ಬೆಳಕಿಗೆ ಬಂದವು. ನೀವು ಹುಲ್ಲಿನ ನಡುವೆ ನೋಡುವ ಕಲ್ಲಿನ ಸಾಲುಗಳು ಇವೇ.

ಹೋಗುವವರಿಗೆ ಕೆಲವು ಮಾತು

ಶನಿವಾರವಾಡೆಯಲ್ಲಿ ಮೊದಲು ಹೊರಗೋಡೆ, ಆಮೇಲೆ ಬಾಗಿಲು, ಆಮೇಲೆ ಗೋಡೆಯ ಮೇಲಿನ ದಾರಿ, ಕೊನೆಗೆ ಅಂಗಳ ಈ ಕ್ರಮದಲ್ಲಿ ನೋಡಿ. ಗೋಡೆಯ ಮೇಲಿನಿಂದ ಕೆಳಗೆ ನೋಡಿದಾಗ ಜೋತೆಗಳ ಸಾಲು ನಕ್ಷೆಯಾಗಿ ಬಿಚ್ಚಿಕೊಳ್ಳುತ್ತದೆ. ಚೌಕದ ಬಯಲು ಯಾವುದು, ಪಡಸಾಲೆಯ ಕಟ್ಟೆ ಯಾವುದು, ಕಂಬ ಊರಿದ ಕಲ್ಲು ಯಾವುದು ಎಂದು ಒಂದೊಂದಾಗಿ ಗುರುತಿಸಿ. ಸುಟ್ಟುಹೋದ ಮಹಲು ಹೇಗಿದ್ದಿರಬಹುದೆಂದು ಊಹಿಸಲು ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿರುವ ವಿಶ್ರಾಮಬಾಗ್ ವಾಡೆಯನ್ನು ನೋಡಿ. ಎರಡನೇ ಬಾಜಿರಾಯನ ಕಾಲದ ಆ ಕಟ್ಟಡದಲ್ಲಿ ತೇಗದ ಕೆತ್ತನೆಯ ಕಂಬಗಳು, ಚೌಕಗಳು ಇನ್ನೂ ಕಾಣಸಿಗುತ್ತವೆ.

ಎರಡನೆಯ ಪಾಠಕ್ಕೆ ಲೋಹಗಡ ಒಳ್ಳೆಯದು. ಲೋಣಾವಳದ ಹತ್ತಿರ ಮಳವಲಿ ರೈಲು ನಿಲ್ದಾಣದಿಂದ ಹೋಗಬಹುದು. ಮೆಟ್ಟಿಲ ದಾರಿಯಲ್ಲಿ ಗಣೇಶ, ನಾರಾಯಣ, ಹನುಮಾನ್, ಮಹಾ ಎಂಬ ನಾಲ್ಕು ಬಾಗಿಲುಗಳು ಒಂದರ ಮೇಲೊಂದು ಸಿಗುತ್ತವೆ. ಪ್ರತಿ ತಿರುವಿನಲ್ಲೂ ನಿಂತು ತಲೆಯೆತ್ತಿ, ಯಾವ ಕೊತ್ತಲದಿಂದ ನಿಮ್ಮನ್ನು ನೋಡಬಹುದು ಎಂದು ಹುಡುಕಿ. ಮಳೆಗಾಲದಲ್ಲಿ ಮೆಟ್ಟಿಲು ಜಾರುತ್ತವೆ, ಜನಸಂದಣಿಯೂ ಹೆಚ್ಚು, ಚಳಿಗಾಲದ ಬೆಳಗು ಮೇಲು. 2025ರ ಜುಲೈನಲ್ಲಿ ಯುನೆಸ್ಕೊ ಮರಾಠರ 12 ಕೋಟೆಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಲೋಹಗಡ, ರಾಜಗಡ, ಶಿವನೇರಿ ಮೂರೂ ಪುಣೆ ಜಿಲ್ಲೆಯವು, ಮೂರೂ ಆ ಪಟ್ಟಿಯಲ್ಲಿವೆ.

ಕೊನೆಯದಾಗಿ ಒಂದು ಬೇಡಿಕೆ. ಕೋಟೆಗಳಿಗೆ ಈಗ ದಂಡಿನ ಭಯವಿಲ್ಲ. ತೆನೆಯ ಮೇಲೆ ಹತ್ತಿ ನಿಲ್ಲುವವರು, ಕಲ್ಲಿನ ಮೇಲೆ ಹೆಸರು ಕೆತ್ತುವವರು, ನೀರಿನ ಟಾಕೆಗೆ ಬಾಟಲಿ ಎಸೆಯುವವರು ದಿನದಿನಕ್ಕೆ ಮಾಡುವ ಹಾನಿಯೇ ಹೆಚ್ಚು. ಮಕ್ಕಳನ್ನು ಕರೆದುಕೊಂಡು ಹೋಗಿ, ಕೊತ್ತಲ ಏಕೆ ದುಂಡಗಿದೆ, ಬಾಗಿಲ ದಾರಿ ಏಕೆ ತಿರುಗುತ್ತದೆ ಎಂದು ಅವರಿಂದಲೇ ಉತ್ತರ ಹೇಳಿಸಿ. ಕಾರಣ ತಿಳಿದ ಮಗು ಕಲ್ಲನ್ನು ಕೆಡಿಸುವುದಿಲ್ಲ. ಊರಿಗೆ ರಜೆಗೆ ಹೋದಾಗ ನಿಮ್ಮ ತಾಲ್ಲೂಕಿನ ಕೋಟೆಯನ್ನೂ ಇದೇ ಕ್ರಮದಲ್ಲಿ ಒಮ್ಮೆ ಸುತ್ತಿಬನ್ನಿ. ಹೆಸರಿಲ್ಲದ ಸಣ್ಣ ಕೋಟೆಯಾದರೂ ಸರಿ, ಅದಕ್ಕೂ ಒಂದು ಗೋಡೆ, ಒಂದು ಬಾಗಿಲು, ಒಂದು ಅಂಗಳ, ಒಂದು ಹೊಂಡ ಇದ್ದೇ ಇರುತ್ತದೆ. ಅದನ್ನು ನೋಡುವುದಕ್ಕೂ ಉಳಿಸುವುದಕ್ಕೂ ನಾವೇ ಮೊದಲಾಗಬೇಕು.